ಎಲ್ಲದಕ್ಕೂ ಎವೆತ್

ಟರ್ಕಿ ದೇಶವನ್ನು ಸೈಕಲ್ಲಿನಲ್ಲಿ ದಾಟುವುದಕ್ಕಿಂತ ಆ ದೇಶದಿಂದ ಬಂದ ಒಂದು ಕಾಗದವನ್ನು ಓದಿಸುವುದೇ ಜಯಸಿಂಹನಿಗೆ ಹೆಚ್ಚು ಕಷ್ಟವಾಯಿತು. ಇದನ್ನು ವಿಲೆ ಪಾರ್ಲೆಯ ಅವನ ಬಿಲ್ಡಿಂಗಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ.

ಜಯಸಿಂಹ ಮೈಸೂರಿನವನು. ಇಪ್ಪತ್ತು ವರ್ಷಗಳಿಂದ ಏರ್‌ಪೋರ್ಟಿನಲ್ಲಿ ವಿಮಾನದ ಮಾಪಕಗಳನ್ನು ಬಿಚ್ಚಿ, ಒರೆಸಿ, ಸರಿಮಾಡಿ ಮತ್ತೆ ಕೂರಿಸುವ ಕೆಲಸ. ಹೆಂಡತಿ ವಿಮಲಾ ಗೋರೆಗಾಂವಿನ ಕನ್ನಡ ಶಾಲೆಯೊಂದರಲ್ಲಿ ಲೆಕ್ಕದ ಟೀಚರು. ಒಬ್ಬಳೇ ಮಗಳು. ಅಜ್ಜಿಯ ಹೆಸರು ಉಳಿಯಲಿ ಎಂದು ಅಲಮೇಲು ಎಂದು ಹೆಸರಿಟ್ಟಿದ್ದರು. ಅವಳು ಕಾಲೇಜು ಸೇರಿದ ಮೊದಲನೇ ವಾರದಲ್ಲೇ ಅದನ್ನು ಎರಡೂ ಕಡೆ ಕತ್ತರಿಸಿ 'ಮೆಲ್' ಮಾಡಿಕೊಂಡಿದ್ದಳು.

ವಿಮಾನ ಕಂಪನಿಯವರಿಗೆ ವರ್ಷಕ್ಕೊಂದು ಪುಕ್ಕಟೆ ಟಿಕೆಟ್ ಸಿಗುತ್ತಿತ್ತು. ಸೆಕ್ಷನ್ನಿನ ಉಳಿದವರೆಲ್ಲ ಸಿಂಗಪುರಕ್ಕೆ ಹೋಗಿ ಟೇಪ್ ರೆಕಾರ್ಡರು, ಮಡಿಸುವ ಕೊಡೆ, ಸೆಂಟಿನ ಬಾಟಲಿ ಹೊತ್ತು ತರುತ್ತಿದ್ದರು. ಜಯಸಿಂಹನಿಗೆ ಅಂಗಡಿಗಳ ಹುಚ್ಚು ಇರಲಿಲ್ಲ, ಸೈಕಲ್ಲಿನ ಹುಚ್ಚು ಇತ್ತು. ಭಾನುವಾರ ಬೆಳಿಗ್ಗೆ ಎದ್ದು ವಸಾಯಿಗೋ ಕರ್ಜತ್ತಿಗೋ ಒಬ್ಬನೇ ತುಳಿದುಕೊಂಡು ಹೋಗಿ, ಸಂಜೆ ಮುಖ ಕೆಂಪಗೆ ಮಾಡಿಕೊಂಡು ಬಂದು, ಎಷ್ಟು ಕಿಲೋಮೀಟರ್ ಆಯಿತೆಂದು ಯಾರಾದರೂ ಕೇಳುತ್ತಾರೇನೋ ಎಂದು ಬಾಲ್ಕನಿಯಲ್ಲಿ ಕಾಯುತ್ತಿದ್ದ. ೧೯೮೮ರಲ್ಲಿ, ರಿಪೇರಿಗೆ ಬಂದ ವಿಮಾನವೊಂದರ ಸೀಟಿನ ಜೇಬಿನಲ್ಲಿ ಅವನಿಗೆ ಟರ್ಕಿಯ ರಸ್ತೆಗಳ ನಕ್ಷೆಯೊಂದು ಸಿಕ್ಕಿತು. ಬಹಳ ಚೆನ್ನಾಗಿ ಅಚ್ಚು ಹಾಕಿದ ನಕ್ಷೆ. ಅವನು ಟರ್ಕಿಯನ್ನು ಆರಿಸಿಕೊಂಡದ್ದಕ್ಕೆ ಬೇರೆ ಯಾವ ಕಾರಣವೂ ಇರಲಿಲ್ಲ. ಎರಡು ತಿಂಗಳು ಆ ನಕ್ಷೆ ಊಟದ ಮೇಜಿನ ಮೇಲೆ ಹರಡಿಕೊಂಡಿತ್ತು. ಹೆಂಡತಿ ಮಗಳು ತಟ್ಟೆ ಕೈಯಲ್ಲಿ ಹಿಡಿದು ಉಂಡರು.

"ಅಲ್ಲಿಯ ಭಾಷೆ ಬರುತ್ತಾ ನಿಮಗೆ?" ಎಂದು ವಿಮಲಾ ಒಂದು ದಿನ ಕೇಳಿದಳು.

"ಹೌದು ಅನ್ನೋದಕ್ಕೆ ಎವೆತ್ ಅಂತಾರೆ. ಅದೊಂದು ಬಂದರೆ ಸಾಕು."

"ಇಲ್ಲ ಅನ್ನೋದಕ್ಕೆ?"

"ಅದು ಬೇಕಾಗಲ್ಲ ಅನ್ನಿಸುತ್ತೆ."

"ಸರಿ ಬಿಡಿ. ಇಲ್ಲ ಅನ್ನೋದು ನಿಮಗೆ ಕನ್ನಡದಲ್ಲೂ ಬರಲ್ಲ," ಎಂದಳು ವಿಮಲಾ.

ಸೈಕಲ್ಲನ್ನು ಸಜ್ಜು ಮಾಡಿದವನು ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಸಿಕಂದರ. ಬಿಜಾಪುರದ ಇಂಡಿ ಕಡೆಯವನು. ಮನೆಯಲ್ಲಿ ದಖನಿ, ಜಯಸಿಂಹನ ಜೊತೆ ಕನ್ನಡ, ಗಿರಾಕಿಗಳ ಜೊತೆ ಬಂಬಯ್ಯಾ ಹಿಂದಿ. ಹಿಂದಿನ ಗಾಲಿಗೆ ನಲವತ್ತು ಕಡ್ಡಿ ಹಾಕಿ ಬಿಗಿದು, ತಟ್ಟಿ ನೋಡಿ, "ಹೋಗ್ರೀ ಸಾಹೇಬ್ರ, ನೀವು ಮುರೀಬಹುದು, ಗಾಲಿ ಮುರೀಯಂಗಿಲ್ಲ," ಎಂದು ಹರಸಿ ಕಳಿಸಿದ್ದ.

ಇಸ್ತಾಂಬುಲಿನಿಂದ ಎರ್ಜುರುಮ್‌ವರೆಗೆ, ಇಪ್ಪತ್ತಾರು ದಿನ, ಸಾವಿರದ ಇನ್ನೂರಕ್ಕೂ ಮಿಕ್ಕಿ ಕಿಲೋಮೀಟರ್. ಗಾಲಿಯೂ ಮುರಿಯಲಿಲ್ಲ, ಜಯಸಿಂಹನೂ ಮುರಿಯಲಿಲ್ಲ. ತಿರುಗಿ ಬಂದ ಮೇಲೆ ಕನ್ನಡ ಸಂಘದ ಹಾಲಿನಲ್ಲಿ ಸ್ಲೈಡು ತೋರಿಸಿ ಒಂದೂವರೆ ಗಂಟೆ ಭಾಷಣ ಮಾಡಿದ. "ಭಾಷೆ ಎನ್ನುವುದು ನಾವು ಕಟ್ಟಿಕೊಂಡ ಗೋಡೆ. ಮನುಷ್ಯ ಮನುಷ್ಯನಿಗೆ ಅರ್ಥವಾಗಲು ಭಾಷೆ ಬೇಕಾಗಿಲ್ಲ. ನನಗೆ ಒಂದೇ ಒಂದು ಕಡೆಯೂ, ಒಂದೇ ಒಂದು ಸಲವೂ ತೊಂದರೆಯಾಗಲಿಲ್ಲ," ಎಂದ. ಚಪ್ಪಾಳೆ ಬಿತ್ತು. ಸಂಘದ ಕಾರ್ಯದರ್ಶಿ, ನಿವೃತ್ತ ಸ್ಟೆನೋ ಹಿರಿಯಣ್ಣನವರು ವಂದನಾರ್ಪಣೆಗೆ ಎದ್ದು ನಿಂತು, "ಭಾಷೆ ಬೇಕಾಗಿಲ್ಲ ಅನ್ನೋದನ್ನ ಜಯಸಿಂಹ ಅವರು ಒಂದೂವರೆ ಗಂಟೆ ಕನ್ನಡದಲ್ಲಿ ವಿವರಿಸಿದ್ದಾರೆ," ಎಂದರು. ಅದಕ್ಕೆ ಇನ್ನೂ ಜೋರಾಗಿ ಚಪ್ಪಾಳೆ ಬಿತ್ತು.

ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ ಆ ಕಾಗದ ಬಂತು.

ಲಕೋಟೆಯ ಮೇಲೆ ಟರ್ಕಿಯ ಸ್ಟಾಂಪು. ಒಳಗೆ ಮೂರು ಹಾಳೆ, ನೇರಳೆ ಶಾಯಿ, ಹುಡುಗಿಯರ ದುಂಡು ಅಕ್ಷರ. ಕೊನೆಯಲ್ಲಿ 'ಗುಲ್ಸುಮ್' ಎಂದು ಸಹಿ. ಲಿಪಿ ಇಂಗ್ಲಿಷಿನದೇ, ಅಲ್ಲಲ್ಲಿ ಅಕ್ಷರಗಳಿಗೆ ಬಾಲ, ತಲೆಗೆ ಚುಕ್ಕಿ. ಓದಬಹುದು, ಅರ್ಥವಾಗುವುದಿಲ್ಲ. ಜಯಸಿಂಹ ಮೂರು ಹಾಳೆಯನ್ನೂ ತಿರುವಿ ಹಾಕುತ್ತಿರುವಾಗ ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅಪ್ಪಾ, ಇದ್ರಲ್ಲಿ ಅಮ್ಮಾದು ಹೆಸರಿದೆ! ದೇಖೋ ನಾ, ವಿಮಲಾ. ಯಹಾಂ ಭೀ. ತೀನ್ ಜಗಹ್ ಹೈ!"

ಅಡುಗೆಮನೆಯಿಂದ ವಿಮಲಾ ಕೈ ಒರೆಸಿಕೊಳ್ಳುತ್ತ ಬಂದಳು. ತನ್ನ ಹೆಸರು ಮೂರು ಕಡೆ ಇರುವುದನ್ನು ಎಣಿಸಿ ಖಾತ್ರಿ ಮಾಡಿಕೊಂಡಳು.

"ಗುಲ್ಸುಮ್ ಅಂದ್ರೆ ಯಾರು?"

"ಸಿವಾಸ್ ದಾಟಿದ ಮೇಲೆ ಒಂದು ಹಳ್ಳೀಲಿ ನಾಲ್ಕು ದಿನ ಇದ್ದೆ ಅಂದಿದ್ನಲ್ಲ, ಮಳೆ ಹಿಡಿದಿತ್ತು, ನನಗೂ ಸ್ವಲ್ಪ ನೆಗಡಿ. ಆ ಮನೆಯವರ ಮಗಳು. ಹೊರಡುವಾಗ ವಿಳಾಸ ಬರೆದುಕೊಟ್ಟಿದ್ದೆ."

"ಅವಳಿಗೆ ನನ್ನ ಹೆಸರು ಹೇಗೆ ಗೊತ್ತು?"

"ನನಗೇನು ಗೊತ್ತು?"

"ಭಾಷೆ ಬೇಕಾಗಿಲ್ಲವಲ್ಲ. ಓದಿ ಹೇಳಿ," ಎಂದು ವಿಮಲಾ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

ಜಯಸಿಂಹ ಸಂಜೆಯ ಹೊತ್ತಿಗೆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಸಿಕಂದರನ ಅಂಗಡಿಗೆ ಹೋದ. ಟರ್ಕಿಯಲ್ಲಿ ಒಂದೊಂದು ಮಾತು ಹಿಂದಿಯ ಹಾಗೆ ಕೇಳಿಸುತ್ತಿತ್ತೆಂದು ಅವನಿಗೆ ನೆನಪಿತ್ತು. ಸಾಬೂನಿಗೆ ಸಾಬೂನ್ ಅನ್ನುತ್ತಿದ್ದರು, ಚಹಕ್ಕೆ ಚಾಯ್. ದಖನಿ ಬಲ್ಲವನಿಗೆ ಇನ್ನಷ್ಟು ತಿಳಿದೀತು ಎಂದು ಅವನ ಲೆಕ್ಕ. ಸಿಕಂದರನಿಗೆ ಇಂಗ್ಲಿಷ್ ಲಿಪಿ ಬಾರದು. ಆದ್ದರಿಂದ ಜಯಸಿಂಹ ಬೋರ್ಡುಗಳನ್ನು ನೋಡಿ ಕಲಿತಿದ್ದ ಉಚ್ಚಾರದಲ್ಲಿ ನಿಧಾನವಾಗಿ ಓದಿದ. ಸಿಕಂದರ ಪಂಕ್ಚರ್ ಹಾಕುತ್ತ ಕಿವಿಗೊಟ್ಟ.

"...ಮಿಸಾಫಿರಿಮಿಜ್..." ಎಂದು ಮೊದಲ ಸಾಲಿಗೇ ಸಿಕಂದರ ಕೈಯೆತ್ತಿದ.

"ಮುಸಾಫಿರ! ನೀವ ಅದು. ಮುಂದ ಓದ್ರಿ."

"...ಸಿಜೆ ಹೈರಾನ್ ಕಾಲ್ದಿಕ್..."

ಸಿಕಂದರನ ಮುಖ ಗಂಭೀರವಾಯಿತು. "ಹೈರಾಣ ಅಂತಾರಲ್ರೀ. ನಿಮ್ಮಿಂದ ಹೈರಾಣ ಆಗೇವಿ ಅಂತ ಬರ್ದಾರ. ಏನ್ ಮಾಡಿ ಬಂದೀರಿ ಅಲ್ಲಿ?"

"ಏನೂ ಮಾಡಿಲ್ಲ ಮಾರಾಯ. ನಾಲ್ಕು ದಿನ ಮಲಗಿದ್ದೆ, ಅಷ್ಟೇ."

"ನಾಕ ದಿನ ಬ್ಯಾರೇಯವರ ಮನ್ಯಾಗ ಮಲಗಿದ್ರ ಹೈರಾಣ ಆಗಂಗಿಲ್ಲೇನ್ರೀ? ಓದ್ರಿ, ಓದ್ರಿ."

ಜಯಸಿಂಹ ಓದಿದ. ಎರಡನೇ ಹಾಳೆಯಲ್ಲಿ 'ನಿಕಾಹ್' ಬಂತು. ಅದಕ್ಕೆ ಯಾರ ಸಹಾಯವೂ ಬೇಕಾಗಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಾತಿನ ಪಕ್ಕದಲ್ಲೇ ವಿಮಲಾ ಎಂದಿತ್ತು. ಮೂರನೇ ಹಾಳೆಯಲ್ಲಿ 'ದಾವೆತ್'.

"ದಾವತ್ ಇರಬೇಕು, ಊಟ," ಎಂದ ಸಿಕಂದರ.

"ದಾವಾ ಇರಬಹುದಾ? ಕೋರ್ಟಿನ ದಾವಾ?" ಎಂದು ಜಯಸಿಂಹ ಕೇಳಿದ.

"ಅದಕ್ಕ ಮುಂದಿನ ಮಾತು ಏನೈತಿ ನೋಡ್ರಿ."

"ತೆಕ್ರಾರ್."

ಸಿಕಂದರ ಪಂಕ್ಚರ್ ಟ್ಯೂಬನ್ನು ಕೆಳಗಿಟ್ಟ. "ತಕರಾರು! ಇದು ನಮ್ಮ ಮಾತೇ ಅಲ್ಲ, ನಿಮ್ಮ ಕನ್ನಡದ ಮಾತು. ಸಾಹೇಬ್ರ, ಮುಸಾಫಿರ, ಹೈರಾಣ, ನಿಕಾ, ದಾವಾ, ತಕರಾರು. ಇದರಾಗ ಇನ್ನ ತಿಳಿಯೂದು ಏನ್ ಉಳದೈತ್ರಿ? ಅಕ್ಕಾವ್ರಿಗೆ ಏನ್ ಹೇಳ್ತೀರಿ?"

ಜಯಸಿಂಹ ಸೈಕಲ್ಲನ್ನು ಹತ್ತದೆ, ಕೈಯಲ್ಲಿ ತಳ್ಳಿಕೊಂಡೇ ಮನೆಗೆ ಹೊರಟ. ಸಂಘದ ಭಾಷಣದಲ್ಲಿ ಅವನು ಹೇಳದೆ ಬಿಟ್ಟಿದ್ದ ಒಂದು ಸಂಗತಿ ಈಗ ಹೆಜ್ಜೆ ಹೆಜ್ಜೆಗೂ ನೆನಪಾಗುತ್ತಿತ್ತು.

ಆ ಹಳ್ಳಿಯಲ್ಲಿ ಮೂರನೆಯ ದಿನ ಸಂಜೆ ಮನೆಯ ಯಜಮಾನ ರಿಜಾ ಎಲ್ಲರನ್ನೂ ಒಲೆಯ ಸುತ್ತ ಕೂರಿಸಿದ್ದ. ಮಗಳು ಗುಲ್ಸುಮ್ ಚಹದ ತಬಕು ತಂದು ಜಯಸಿಂಹನ ಮುಂದಿಟ್ಟು ತಲೆ ತಗ್ಗಿಸಿ ನಿಂತಳು. ರಿಜಾ ಎದ್ದು, ಎದೆಯ ಮೇಲೆ ಕೈಯಿಟ್ಟುಕೊಂಡು, ಮಗಳನ್ನು ತೋರಿಸಿ, ಆಕಾಶವನ್ನು ತೋರಿಸಿ, ಜಯಸಿಂಹನನ್ನು ತೋರಿಸಿ ಉದ್ದಕ್ಕೆ ಏನೋ ಹೇಳಿದ. ಕೊನೆಗೆ ಅದೊಂದು ಪ್ರಶ್ನೆಯಾಗಿ ನಿಂತಿತು. ಮನೆಯವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಜಯಸಿಂಹ ದಾರಿಯುದ್ದಕ್ಕೂ ಹೇಳಿಕೊಂಡು ಬಂದದ್ದನ್ನೇ ಹೇಳಿದ: "ಎವೆತ್." ತಾಯಿ ಅಳತೊಡಗಿದಳು. ರಿಜಾ ಅವನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ಗುಲ್ಸುಮ್ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಇದೆಲ್ಲ ಒಂದು ಲೋಟ ಚಹ ಒಪ್ಪಿಕೊಂಡದ್ದಕ್ಕೆ ಸ್ವಲ್ಪ ಜಾಸ್ತಿಯಾಯಿತು ಎಂದು ಅವನಿಗೆ ಆಗಲೇ ಅನ್ನಿಸಿತ್ತು. ಆದರೆ ಮರುದಿನ ಮಳೆ ನಿಂತಿತು, ರಸ್ತೆ ಕರೆಯಿತು, ಮರೆತುಬಿಟ್ಟ.

ಮನೆಯಲ್ಲಿ ವಿಮಲಾ ಹೆಚ್ಚು ಕೇಳಬೇಕಾಗಿಯೇ ಬರಲಿಲ್ಲ. ಅವನು ಚಪ್ಪಲಿ ಬಿಡುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದ. ವಿಮಲಾ ಹುರುಳಿಕಾಯಿ ಮುರಿಯುತ್ತ ಕೇಳಿದಳು.

"ಅಂದರೆ ಅವರ ಮಗಳನ್ನ ಮುಂದೆ ನಿಲ್ಲಿಸಿ ಏನೋ ಕೇಳಿದರು. ನೀವು ಆಗಲಿ ಅಂದಿರಿ."

"ಆಗಲಿ ಅಂತಲ್ಲ. ಎವೆತ್ ಅಂದೆ."

"ಈಗ ನಿಕಾಹ್ ಅಂತ ಬರೆದು ಪಕ್ಕದಲ್ಲಿ ನನ್ನ ಹೆಸರು ಹಾಕಿದಾರೆ. ನನ್ನ ಒಪ್ಪಿಗೆ ಕೇಳಿರಬೇಕು, ಪಾಪ. ಒಳ್ಳೇ ಜನ. ನೀವು ನನ್ನನ್ನ ಕೇಳದೆ ಒಪ್ಪಿಕೊಂಡು ಬಂದಿರಿ, ಅವರಿಗಾದರೂ ಮರ್ಯಾದೆ ಇದೆ."

"ತಮಾಷೆ ಮಾಡಬೇಡ. ಆ ಹುಡುಗಿಗೆ ಇಪ್ಪತ್ತು ವರ್ಷ ಇರಬಹುದು. ಮೆಲ್ ವಯಸ್ಸು."

"ನಿಮಗೆ ನಲವತ್ತೇಳು. ಇಪ್ಪತ್ತೇಳು ವ್ಯತ್ಯಾಸ," ಎಂದು ಲೆಕ್ಕದ ಟೀಚರು ಹೇಳಿದಳು. "ಅವಳಿಗೆ ಸೈಕಲ್ ಬರುತ್ತಾ?"

ಹೀಗೆ ನಗುತ್ತಿದ್ದಳಾದರೂ, ಕಾಗದದಲ್ಲಿ ತನ್ನ ಹೆಸರು ಹೇಗೆ ಬಂತು ಎನ್ನುವುದು ವಿಮಲಾಳನ್ನೂ ಕೊರೆಯುತ್ತಿತ್ತು. ಮಾರನೆಯ ದಿನ ಶಾಲೆಯಲ್ಲಿ ಏಳರ ಮಗ್ಗಿಯನ್ನು ತಾನೇ ತಪ್ಪಾಗಿ ಹೇಳಿ ಮಕ್ಕಳಿಂದ ತಿದ್ದಿಸಿಕೊಂಡಳಂತೆ.

ಟರ್ಕಿಯ ಸರ್ಕಾರಿ ಕಚೇರಿಗೆ ಹೋಗಿ ಓದಿಸೋಣ ಎಂದರೆ ಜಯಸಿಂಹನಿಗೆ ಧೈರ್ಯವಿಲ್ಲ. ನಿಜವಾಗಿಯೂ ದಾವಾ ಆಗಿದ್ದರೆ ತಾನಾಗಿ ಹೋಗಿ ಸಿಕ್ಕಿಬಿದ್ದ ಹಾಗಾಗುತ್ತದೆ. ಹಿರಿಯಣ್ಣನವರು ತಮಗೆ ಗೊತ್ತಿದ್ದ ಒಬ್ಬ ಫಾರಸಿ ಪ್ರೊಫೆಸರರ ಬಳಿ ಕರೆದುಕೊಂಡು ಹೋದರು. ಆ ಮಹನೀಯರು ಕಾಗದವನ್ನು ಕನ್ನಡಕದ ಒಳಗಿಂದಲೂ ಮೇಲಿಂದಲೂ ನೋಡಿ, ಇದು ತಮ್ಮ ಕ್ಷೇತ್ರಕ್ಕೆ ಬರುವುದಿಲ್ಲವೆಂದು ಹೇಳಿ, ತಮ್ಮ ಕ್ಷೇತ್ರದ ಬಗ್ಗೆ ಮುಕ್ಕಾಲು ಗಂಟೆ ಹೇಳಿದರು. ವಾಪಸು ಬರುವಾಗ ಹಿರಿಯಣ್ಣನವರಿಗೆ ಕಾಗದದ ಕಥೆಯೆಲ್ಲ ಗೊತ್ತಾಗಿತ್ತು. ಹಿರಿಯಣ್ಣನವರಿಗೆ ಗೊತ್ತಾಯಿತೆಂದರೆ ದಹಿಸರ್‌ವರೆಗಿನ ಕನ್ನಡಿಗರಿಗೆಲ್ಲ ಗೊತ್ತಾದಂತೆ. ಏರ್‌ಪೋರ್ಟಿನ ಮಂಗಳೂರಿನವನೊಬ್ಬ ಕ್ಯಾಂಟೀನಿನಲ್ಲಿ ಅವನ ಬೆನ್ನು ತಟ್ಟಿ, "ಊಟ ಯಾವಾಗ ಮಾರಾಯ್ರೇ?" ಎಂದು ಕೇಳಿದ.

ಎಂಟು ದಿನ ಕಳೆದ ಮೇಲೆ ಸಿಕಂದರನೇ ಮನೆಗೆ ಬಂದ. ಅವನ ಹೆಂಡತಿ ನೂರಜಹಾನ ಪರೇಲಿನ ಆಸ್ಪತ್ರೆಯೊಂದರಲ್ಲಿ ಆಯಾ. ಅಲ್ಲಿ ಹತ್ತಿರದ ಇರಾನಿ ಹೋಟೆಲಿನಿಂದ ರೋಗಿಗಳಿಗೆ ಬ್ರೆಡ್ ತರುತ್ತಾಳೆ. ಹೋಟೆಲಿನ ಮಾಲೀಕ ಕಾಜಿಮನ ತಾಯಿ ಇರಾನಿನ ತಬ್ರೀಜ್ ಕಡೆಯವಳು. ಅವಳ ತವರಿನ ಭಾಷೆ ಟರ್ಕಿಯದಕ್ಕೆ ಅಕ್ಕ-ತಂಗಿಯಂತೆ. "ಆದ್ರ ಒಂದ್ ತೊಂದ್ರಿ ಐತ್ರಿ. ಮುದುಕಿಗೆ ಇಂಗ್ಲೀಷ್ ಅಕ್ಷರ ಓದಾಕ ಬರಂಗಿಲ್ಲ. ಕಣ್ಣೂ ಮಂಜು."

"ಓದೋಕೆ ಇವರಿದ್ದಾರಲ್ಲ," ಎಂದಳು ವಿಮಲಾ. "ಇವರಿಗೆ ಅರ್ಥವಾಗಲ್ಲ, ಓದ್ತಾರೆ. ಅವರಿಗೆ ಓದೋಕೆ ಬರಲ್ಲ, ಅರ್ಥವಾಗುತ್ತೆ. ಭಾನುವಾರ ಹೋಗೋಣ."

"ನೀನೂ ಬರ್ತೀಯಾ?"

"ನನ್ನ ಹೆಸರಿರೋ ಕಾಗದ. ನಾನಿಲ್ಲದೆ ಯಾರೂ ಓದಬಾರದು."

ಭಾನುವಾರ ಹತ್ತು ಗಂಟೆಗೆ ಗಂಡ, ಹೆಂಡತಿ, ಸಿಕಂದರ ಮೂವರೂ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಬ್ರಿಜ್ ದಾಟಿ ಪರೇಲಿನ ಕಡೆ ನಡೆದರು. ಮುಚ್ಚಿದ ಮಿಲ್ಲಿನ ಗೋಡೆಯ ಪಕ್ಕದಲ್ಲೇ ಆ ಹೋಟೆಲು. ಕಾಜಿಮ್ ಗಲ್ಲಾದಲ್ಲಿ ಕೂತಿದ್ದ. ತಾಯಿ ಒಳಗಿನ ಮೂಲೆಯ ಕುರ್ಚಿಯಲ್ಲಿ, ಕರಿಯ ಶಾಲು ಹೊದ್ದು, ಮಂಡಿಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದಳು. ಎಂಬತ್ತು ದಾಟಿದ ಹೆಂಗಸು. ಮೂವರಿಗೂ ಬನ್-ಮಸ್ಕಾ, ಚಹ ಬಂತು. ಜಯಸಿಂಹ ಬನ್ನಿನ ತಟ್ಟೆ ಪಕ್ಕಕ್ಕೆ ಸರಿಸಿ ಕಾಗದ ಬಿಚ್ಚಿದ.

ಅವನು ಓದತೊಡಗಿದ. ಮೊದಲ ಎರಡು ಸಾಲಿಗೆ ಮುದುಕಿ ಕಿವಿಯ ಹಿಂದೆ ಕೈಯಿಟ್ಟು ಹುಬ್ಬು ಗಂಟಿಕ್ಕಿದಳು. ಮಗನಿಗೆ ಏನೋ ಹೇಳಿದಳು.

"ಅಮ್ಮಾ ಬೋಲ್ತಿ ಹೈ, ಆಪ್ ಐಸೇ ಪಢ್ತೇ ಹೈ ಜೈಸೇ ರೇಲ್ವೆ ಸ್ಟೇಷನ್ ಕಾ ಅನೌನ್ಸ್‌ಮೆಂಟ್. ಆಹಿಸ್ತಾ," ಎಂದ ಕಾಜಿಮ್.

ಜಯಸಿಂಹ ನಿಧಾನ ಮಾಡಿದ. ಮೂರನೇ ಸಾಲಿಗೆ ಮುದುಕಿಯ ಹುಬ್ಬು ಸಡಿಲವಾಯಿತು. ನಾಲ್ಕನೇ ಸಾಲಿಗೆ ಅವಳು ತಲೆಯಾಡಿಸಿದಳು. ಅಲ್ಲಿಂದ ಮುಂದೆ ಒಂದೊಂದೇ ಸಾಲು: ಜಯಸಿಂಹ ಓದುವುದು, ಮುದುಕಿ ಮಗನಿಗೆ ಹೇಳುವುದು, ಮಗ ಹಿಂದಿಯಲ್ಲಿ ಹೇಳುವುದು, ಸಿಕಂದರ ಯಾರೂ ಕೇಳದಿದ್ದರೂ ಅದನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳುವುದು.

'ನಮ್ಮ ಪ್ರೀತಿಯ ಅತಿಥಿಗೆ ಸಲಾಮು' ಎಂದು ಕಾಗದ ಶುರುವಾಗಿತ್ತು. ಅವರ ಭಾಷೆಯಲ್ಲಿ ಮುಸಾಫಿರ ಎಂದರೆ ಅತಿಥಿ. ಹೈರಾನ್ ಬಂದ ಕೂಡಲೇ ಸಿಕಂದರ ಮುಂದಕ್ಕೆ ಬಗ್ಗಿದ.

ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡು ತಾನೇ ಹಿಂದಿಯಲ್ಲಿ ಹೇಳಿದಳು: "ಹೈರಾನ್ ಮತ್ಲಬ್... ದಿಲ್ ಸೇ ವಾಹ್! ವಾಹ್!" ಒಬ್ಬನೇ, ಭಾಷೆಯಿಲ್ಲದೆ, ಒಂದು ಸೈಕಲ್ಲಿನ ಮೇಲೆ ಬೆಟ್ಟ ದಾಟಿಕೊಂಡು ಬಂದ ನಿಮ್ಮನ್ನು ಕಂಡು ನಾವು ಬೆರಗಾಗಿದ್ದೆವು ಎಂದು ಹುಡುಗಿ ಬರೆದಿದ್ದಳು.

ಜಯಸಿಂಹ ಹೆಂಡತಿಯ ಕಡೆ ಗೆದ್ದವನಂತೆ ನೋಡಿದ. ಆ ಗೆಲುವು ಒಂದು ಪ್ಯಾರಾದಷ್ಟು ಕಾಲ ಉಳಿಯಿತು.

'ಮೊದಲೆರಡು ದಿನ ನಿಮಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಜ್ವರದಲ್ಲಿ ಬೆಂಕಿಯ ಹಾಗೆ ಸುಡುತ್ತಿದ್ದಿರಿ. ಚಿಕ್ಕ ಮಗುವಿನಂತೆ ಅಳುತ್ತ ಒಂದೇ ಪ್ರಾರ್ಥನೆಯನ್ನು ಹೇಳುತ್ತಿದ್ದಿರಿ: ವಿಮಲಾ, ವಿಮಲಾ.'

ಜಯಸಿಂಹ ಓದುವುದನ್ನು ನಿಲ್ಲಿಸಿದ. ಓದಿದಾಗ ಅದೇನೆಂದು ಅವನಿಗೆ ತಿಳಿದಿರಲಿಲ್ಲ. ಕಾಜಿಮ್ ಹಿಂದಿಯಲ್ಲಿ ಹೇಳಿದ ಮೇಲೆ ತಿಳಿಯಿತು. ಸಿಕಂದರ ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆದವನು ವಿಮಲಾಳ ಮುಖ ನೋಡಿ ಮುಚ್ಚಿಕೊಂಡ.

"ಆಗೇ?" ಎಂದು ಮುದುಕಿ, ಮುಂದೆ ಓದು ಎನ್ನುವಂತೆ ಕೈಯಾಡಿಸಿದಳು.

ಆಮೇಲಿನದು ಹೀಗಿತ್ತು. ಆ ಮನೆಯವರು ವಿಮಲಾ ಎಂದರೆ ಇವನ ದೇಶದ ಯಾವುದೋ ದೊಡ್ಡ ಸಂತಳಿರಬೇಕು ಎಂದುಕೊಂಡರು. ತಾಯಿ ಹಾಸಿಗೆಯ ಪಕ್ಕದಲ್ಲಿ ಕೂತು, ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ಪುಣ್ಯ ಬರಲಿ ಎಂದು ತಾನೂ ಇವನ ಜೊತೆ ವಿಮಲಾ, ವಿಮಲಾ ಎಂದು ಹೇಳುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. ಅದೇ ಬೆಳಿಗ್ಗೆ, ಐದು ತಿಂಗಳಿನಿಂದ ಸುದ್ದಿಯೇ ಇಲ್ಲದಿದ್ದ ಯೂಸುಫನ ಕಾಗದ ಬಂತು. ಯೂಸುಫ್ ಗುಲ್ಸುಮಳಿಗೆ ನಿಶ್ಚಯವಾಗಿದ್ದ ಹುಡುಗ, ಸೈನ್ಯದಲ್ಲಿದ್ದ. ಅದಕ್ಕೇ ಅವತ್ತು ಸಂಜೆ ತಂದೆ ಎಲ್ಲರನ್ನೂ ಕೂರಿಸಿ ಕೇಳಿದ್ದ: ನಮ್ಮ ಮಗಳಿಗಾಗಿ ನಿನ್ನ ವಿಮಲಾಳನ್ನು ಬೇಡಿಕೊಳ್ಳುತ್ತೀಯಾ?

'ನೀವು ಎವೆತ್ ಎಂದಿರಿ. ಯೂಸುಫ್ ಕ್ಷೇಮವಾಗಿ ಬಂದಿದ್ದಾನೆ. ಅಕ್ಟೋಬರ್ ಹದಿನಾಲ್ಕರಂದು ಬೆಳಿಗ್ಗೆ ಹತ್ತಕ್ಕೆ ನಮ್ಮ ನಿಕಾಹ್. ನಿಮಗಿದು ದಾವೆತ್, ಆಹ್ವಾನ. ಬರಲಾಗದಿದ್ದರೆ ಆ ಹೊತ್ತಿಗೆ, ನೀವಿದ್ದಲ್ಲೇ, ನಮಗಾಗಿ ಆ ಪ್ರಾರ್ಥನೆಯನ್ನು ತೆಕ್ರಾರ್...'

"ತಕರಾರು!" ಎಂದ ಸಿಕಂದರ.

"ತಕರಾರ್ ನಹೀ, ಬಾಬಾ. ತೆಕ್ರಾರ್. ಫಿರ್ ಸೇ. ಏಕ್ ಬಾರ್ ಔರ್ ಬೋಲೋ," ಎಂದ ಕಾಜಿಮ್. ಅಂದರೆ ಆ ಪ್ರಾರ್ಥನೆಯನ್ನು ಮತ್ತೊಮ್ಮೆ ಹೇಳಿ ಎಂದು. ಬಳಿಕ ಕುತೂಹಲ ತಡೆಯಲಾರದೆ ಕೇಳಿದ: "ಲೇಕಿನ್ ಯೇ ವಿಮಲಾ ಕೌನ್ ಹೈ? ಕೋಯೀ ದೇವಿ?"

ಸಿಕಂದರ ಬನ್-ಮಸ್ಕಾ ಹಿಡಿದ ಕೈಯಿಂದಲೇ ತೋರಿಸಿದ. "ಯೇ ಕ್ಯಾ, ಬೈಠೀ ಹೈ. ಇನ್ಕೀ ಬೀವಿ."

ಕಾಜಿಮ್ ತಾಯಿಗೆ ಹೇಳಿದ. ಮುದುಕಿ ಒಂದು ಕ್ಷಣ ವಿಮಲಾಳನ್ನೇ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳು, ಬಿಸಿನೀರಿನ ಚೀಲ ಜಾರಿ ನೆಲಕ್ಕೆ ಬಿದ್ದರೂ ನಿಲ್ಲಿಸಲಿಲ್ಲ. ಕಣ್ಣೊರೆಸಿಕೊಂಡು, ವಿಮಲಾಳ ಕೈ ಎಳೆದು ತನ್ನ ನೋಯುವ ಮಂಡಿಯ ಮೇಲೆ ಇಟ್ಟುಕೊಂಡು, "ಇಧರ್. ಇಧರ್ ಭೀ ದುವಾ ಕರೋ," ಎಂದಳು.

ವಿಮಲಾ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಿಸಿಯಾದ, ಎಲುಬೇ ಎಲುಬಾದ ಆ ಮಂಡಿಯನ್ನು ಮೆಲ್ಲಗೆ ಒತ್ತುತ್ತ ಕೂತಳು. ಹೊರಡುವಾಗ ಸಿಕಂದರ, "ಅಕ್ಕಾವ್ರ, ನಮ್ಮ ಅಂಗಡಿ ಕಡೆನೂ ಒಮ್ಮೆ ಬಂದ್ ಹೋಗ್ರಿ. ಗಿರಾಕಿ ಕಡಿಮಿ ಆಗ್ಯಾರ," ಎಂದ. ಕಾಜಿಮ್ ಚಹದ ಹಣ ತೆಗೆದುಕೊಳ್ಳಲಿಲ್ಲ.

ವಾಪಸು ಬರುವ ಲೋಕಲ್ಲಿನಲ್ಲಿ ಭಾನುವಾರವಾದ್ದರಿಂದ ಗಂಡ ಹೆಂಡತಿಗೆ ಪಕ್ಕಪಕ್ಕದಲ್ಲಿ ಜಾಗ ಸಿಕ್ಕಿತು. ಸಿಕಂದರ ತಾನಾಗಿಯೇ ದೂರ ಹೋಗಿ ಬಾಗಿಲಲ್ಲಿ ನಿಂತ. ಬಾಂದ್ರಾ ದಾಟಿದ ಮೇಲೆ ವಿಮಲಾ ಗಂಡನ ಕಡೆ ತಿರುಗಿದಳು.

"ಜ್ವರ ಎಷ್ಟಿತ್ತು?"

"ಥರ್ಮಾಮೀಟರ್ ಇರಲಿಲ್ಲ."

"ಸ್ವಲ್ಪ ನೆಗಡಿ ಅಂದಿದ್ರಿ."

"ನಿನಗೆ ಗಾಬರಿಯಾಗಬಾರದು ಅಂತ."

"ನನಗೆ ಗಾಬರಿಯಾಗಬಾರದು ಅಂತಲೋ, ಸಂಘದವರ ಮುಂದೆ ನಿಮಗೆ ನಾಚಿಕೆಯಾಗಬಾರದು ಅಂತಲೋ?"

ಜಯಸಿಂಹ ಕಿಟಕಿಯ ಹೊರಗೆ ನೋಡಿದ. ಖಾರ್ ಬಂತು, ಹೋಯಿತು.

"ಇಪ್ಪತ್ತೆರಡು ವರ್ಷ ಆಯ್ತು ಮದುವೆಯಾಗಿ," ಎಂದಳು ವಿಮಲಾ. "ಕೇಳಿಸ್ತಾ ಅಂತೀರಿ, ಇಲ್ಲಿ ಬಾ ಅಂತೀರಿ, ಮೆಲ್ ಅಮ್ಮ ಅಂತೀರಿ. ಒಂದು ದಿನವಾದರೂ ಹೆಸರು ಹಿಡಿದು ಕರೆದಿದ್ದು ಉಂಟಾ? ಟರ್ಕಿಗೆ ಹೋಗಿ, ಪ್ರಜ್ಞೆ ತಪ್ಪಿ, ಊರವರಿಗೆಲ್ಲ ಕೇಳಿಸೋ ಹಾಗೆ ಕರೆದಿದ್ದೀರಿ. ನನಗೊಬ್ಬಳಿಗೇ ಕೇಳಿಸಲಿಲ್ಲ."

ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಜಯಸಿಂಹನಿಗೆ ತಿಳಿಯಲಿಲ್ಲ. ಸಾಂತಾಕ್ರೂಜ್ ಕಳೆದ ಮೇಲೆ ಪಾರ್ಲೆಯ ಬಿಸ್ಕತ್ತಿನ ಕಾರ್ಖಾನೆಯ ವಾಸನೆ ಬರತೊಡಗಿತು, ಇಳಿಯಲು ಎದ್ದು ನಿಂತರು.

ಅಕ್ಟೋಬರ್ ಹದಿನಾಲ್ಕು ಶನಿವಾರ. ಅಲ್ಲಿಯ ಬೆಳಗಿನ ಹತ್ತು ಗಂಟೆಗೆ ಇಲ್ಲಿ ಮಧ್ಯಾಹ್ನ ಒಂದೂವರೆ ಎಂದು ವಿಮಲಾ ಲೆಕ್ಕ ಹಾಕಿ ಹೇಳಿದಳು. ಜಯಸಿಂಹ ಅರ್ಧ ದಿನ ರಜೆ ಹಾಕಿ ಬಂದು, ಕೈಕಾಲು ತೊಳೆದು, ದೇವರ ಗೂಡಿನ ಮುಂದೆ ಮಣೆ ಹಾಕಿಕೊಂಡು ಕೂತ. ಯಾವ ದೇವರಿಗೂ ಸಂಬಂಧವಿಲ್ಲದ ಪ್ರಾರ್ಥನೆಗೆ ಬೇರೆ ಎಲ್ಲಿ ಕೂರಬೇಕೆಂದು ಅವನಿಗೆ ಹೊಳೆಯಲಿಲ್ಲ.

"ನಾನು ಎದುರಿಗೆ ಕೂರಲಾ?" ಎಂದು ವಿಮಲಾ ಕೇಳಿದಳು.

"ಬೇಡ, ಬೇಡ. ನೀನು ಒಳಗಿರು."

ಒಂದೂವರೆಯಾಯಿತು. ಜಯಸಿಂಹ ಗಂಟಲು ಸರಿಮಾಡಿಕೊಂಡ.

"ವಿಮಲಾ," ಎಂದ.

"ಏನು?" ಎಂದು ಅಡುಗೆಮನೆಯಿಂದ ಬಂತು.

"ನಿನ್ನನ್ನಲ್ಲ. ಪ್ರಾರ್ಥನೆ."

"ಓ. ಹೇಳಿ, ಹೇಳಿ."

"ವಿಮಲಾ," ಎಂದ ಮತ್ತೆ. ಒಳಗಿನಿಂದ ಬಳೆಯ ಸದ್ದಾಯಿತು. ಅವನಿಗೆ ಆ ಮಣ್ಣಿನ ಗೋಡೆಯ ಕೋಣೆ, ಒಲೆಯ ಹೊಗೆ, ತನ್ನ ಹಣೆಯ ಮೇಲೆ ಆ ತಾಯಿಯ ಒರಟು ಕೈ, ಎಲ್ಲ ಈಗ ಮೊದಲ ಸಲವೆಂಬಂತೆ ನೆನಪಿಗೆ ಬಂದವು. ಅವಳು ತನ್ನ ಜೊತೆ ಏನೋ ಹಾಡುತ್ತಿದ್ದಾಳೆ ಎಂದುಕೊಂಡಿದ್ದ. ಹನ್ನೊಂದು ಸಲ ಹೇಳಬೇಕೆಂದು ಕೂತವನು ಎಷ್ಟು ಸಲ ಹೇಳಿದನೋ, ಲೆಕ್ಕ ತಪ್ಪಿತು. ಕೊನೆಕೊನೆಗೆ ದನಿ ಸ್ವಲ್ಪ ಒಡೆಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು, "ಅಪ್ಪಾ, ಸೋ ಸ್ವೀಟ್ ಯಾರ್," ಎಂದು ಹೇಳಿ, ಅಮ್ಮನಿಂದ ಬೈಸಿಕೊಂಡು ಹೊರಗೆ ಹೋದಳು.

ಮದುವೆಯ ಉಡುಗೊರೆಗೆ ವಿಮಲಾ ಮಾಟುಂಗಾಕ್ಕೆ ಹೋಗಿ ಒಂದು ರೇಷ್ಮೆ ಶಾಲು ತಂದಳು. ಸಿಕಂದರ ತನ್ನ ಲೆಕ್ಕದಲ್ಲಿ ಒಂದು ಸೈಕಲ್ ಗಂಟೆ ಕೊಟ್ಟ, ಅಳಿಯನಿಗೆ ಎಂದ. ಎರಡನ್ನೂ ಕಟ್ಟಿದ ಮೇಲೆ ವಿಮಲಾ ಮೇಜಿನ ಮುಂದೆ ಕೂತು ಕಾಗದ ಬರೆಯತೊಡಗಿದಳು. ಒಂದು ಹಾಳೆ ಮುಗಿಯಿತು, ಎರಡು ಮುಗಿಯಿತು, ನಾಲ್ಕಕ್ಕೆ ಹೋಯಿತು. ಜಯಸಿಂಹ ಪೇಪರ್ ಓದುವವನ ಹಾಗೆ ಅತ್ತಿತ್ತ ಸುಳಿದಾಡಿ ನೋಡಿದ. ಕರಿಹಲಗೆಯ ಮೇಲೆ ಬರೆದಷ್ಟು ಅಂದವಾದ ಅಕ್ಷರಗಳು.

"ಕನ್ನಡದಲ್ಲಿ ಬರೀತಿದ್ದೀಯಲ್ಲ! ಅವರು ಹೇಗೆ ಓದ್ತಾರೆ?"

"ನಾವು ಪರೇಲ್‌ವರೆಗೂ ಅಲೆದು ಓದಿಸಲಿಲ್ವಾ? ಅವರೂ ಸ್ವಲ್ಪ ಅಲೆಯಲಿ. ಹೊಸದಾಗಿ ಮದುವೆಯಾದೋರು, ಇಬ್ಬರೂ ಜೊತೇಲಿ ಹುಡುಕಿಕೊಂಡು ಹೋಗಲಿ. ನಾಲ್ಕು ಊರು ನೋಡಿದ ಹಾಗಾಗುತ್ತೆ."

"ಅದರಲ್ಲಿ ಏನು ಬರೆದಿದ್ದೀಯ?"

"ಅದು ಆ ಹುಡುಗಿಗೂ ನನಗೂ ಇರೋ ವಿಚಾರ," ಎಂದು ವಿಮಲಾ ಹಾಳೆಗಳನ್ನು ಮಡಿಸಿ, ಲಕೋಟೆಗೆ ಹಾಕಿ, ಗೋಂದು ಹಚ್ಚಿ, ಅಂಗೈಯಿಂದ ಒತ್ತಿದಳು.

ಜಯಸಿಂಹ ಸೈಕಲ್ ಹತ್ತಿ ಪೋಸ್ಟಾಫೀಸಿಗೆ ಹೋದ. ಪಾರ್ಸೆಲ್ ತೂಗಿಸಿ ಕೊಟ್ಟು, ಕಾಗದಕ್ಕೆ ಸ್ಟಾಂಪು ಹಚ್ಚಿ, ಡಬ್ಬಿಗೆ ಹಾಕುವ ಮೊದಲು ಆಚೀಚೆ ನೋಡಿ ಲಕೋಟೆಯನ್ನು ಬಿಸಿಲಿಗೆ ಎತ್ತಿ ಹಿಡಿದ. ದಪ್ಪ ಲಕೋಟೆ. ಏನೂ ಕಾಣಲಿಲ್ಲ.